ತಕರಾರಿನ ಪಾಲುಗಾರ್ತಿ

“ಈ ಕುದುರೆ ನಿಮಗೆ ಬೇಡ.”

ಯಾರು, ಏನು ಎಂದು ಕೇಳಲಿಲ್ಲ, ಒಳಗೆ ಬನ್ನಿ ಎನ್ನಲಿಲ್ಲ. ಅವನು ಆಡಿದ ಮೊದಲ ಮಾತೇ ಇದು. ಅವಳು ಲಾಯದ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತುಬಿಟ್ಟಳು.

“ಬೇಕೋ ಬೇಡ್ವೋ ಹೇಳೋಕೆ ನಾನಿನ್ನೂ ಕುದುರೆ ಮುಖಾನೇ ನೋಡಿಲ್ಲ,” ಎಂದಳು.

“ನೋಡೋಕೆ ಚೆನ್ನಾಗೇ ಇದಾಳೆ. ಮೋಸ ಹೋಗೋದೇ ಅಲ್ಲಿ.” ಅವನು ಕಂದು ಮೈಯ ಹೆಣ್ಣು ಕುದುರೆಯ ಕುತ್ತಿಗೆಗೆ ಬ್ರಷ್ ಹಾಕುತ್ತ, ತಿರುಗದೆಯೇ ಹೇಳತೊಡಗಿದ. “ಕಚ್ತಾಳೆ. ಜೀನು ಬಿಗಿಯೋವಾಗ ಬೇಕಂತ ಹೊಟ್ಟೆ ಉಬ್ಬಿಸ್ತಾಳೆ. ಒಂದು ಪ್ಲಾಸ್ಟಿಕ್ ಕವರ್ ಹಾರಿದ್ರೆ ಪ್ರಳಯ ಆಯ್ತು ಅಂದ್ಕೋತಾಳೆ. ಗೇಟ್ ಸಿಕ್ಕಿದ ಕಡೆಯೆಲ್ಲ ನಿಂತ್ಕೊಂಡ್ಬಿಡ್ತಾಳೆ. ಹೆಸರು ತಕರಾರು.”

“ಹೆಸರೇ ತಕರಾರಾ?”

“ಇಟ್ಟ ಹೆಸರು ಬೇರೆ ಇತ್ತು. ಇದು ಸ್ವಂತ ಸಂಪಾದನೆ.”

ಹೇಳಿ ಈ ಕಡೆ ತಿರುಗಿದ. ಕಣ್ಣು ಹೊರಳಿಸಿ ನೋಡುವುದಲ್ಲ. ಇಡೀ ಮುಖವನ್ನೇ ತಿರುಗಿಸಿ, ಅವಳ ಮುಖದ ಮೇಲೆ ದೃಷ್ಟಿಯನ್ನು ನೆಟ್ಟು ನೋಡಿದ. ಗಳಿಗೆ ಕಳೆದರೂ ತೆಗೆಯಲಿಲ್ಲ. ಅವನ ಹುಬ್ಬಿನ ಮೇಲೆ ಹಿಟ್ಟಿನ ಪುಡಿ ಅಂಟಿತ್ತು. ಎಡಗೈ ತುಂಬ ಹಳೆಯ, ಹೊಸ ಸುಟ್ಟ ಗಾಯಗಳ ಗೀರು. ಅವಳ ಕಿವಿ ಬಿಸಿಯಾಯಿತು. ಮರುಗಳಿಗೆಯೇ ಅನುಮಾನವೂ ಎದ್ದು ಕೂತಿತು: ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿ ಯಾರಿದ್ದಾನೆ? ಇವನು ಏನನ್ನೋ ಮುಚ್ಚಿಡುತ್ತಿದ್ದಾನೆ.

ಅನುಮಾನ ಅವಳ ಕಸುಬಿಗೂ ಅಂಟಿದ್ದೇ. ಕನ್ನಡಕದ ಅಂಗಡಿಯ ಹಿಂದಿನ ಕತ್ತಲ ಕೋಣೆಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ಅವಳು. ಅಕ್ಷರಫಲಕದ ಕೊನೆಯ ಸಾಲನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬಂದು ಗಿಣಿಯಂತೆ ಒಪ್ಪಿಸುವವರನ್ನು ಅವಳು ಉಸಿರಿನಲ್ಲೇ ಹಿಡಿಯುತ್ತಿದ್ದಳು. ಮದುವೆಯಾಗಬೇಕಿದ್ದವನನ್ನು ಹಿಡಿಯುವುದು ಮಾತ್ರ ತಡವಾಗಿತ್ತು. ಅವನು ಇವಳಿಗೆ ಕಳಿಸುತ್ತಿದ್ದ ಮೆಸೇಜುಗಳನ್ನೇ ಇನ್ನೊಂದು ಊರಿನ ಇನ್ನೊಬ್ಬಳಿಗೂ ಕಳಿಸುತ್ತಿದ್ದ, ಅಲ್ಪವಿರಾಮ ಸಮೇತ. ಅಂದಿನಿಂದ ಅವಳು ಯಾರಾದರೂ ಗುಡ್ ಮಾರ್ನಿಂಗ್ ಅಂದರೂ ಕಿಟಕಿ ತೆರೆದು ಬೆಳಗಾಗಿದೆಯೇ ಎಂದು ನೋಡುವವಳಾಗಿದ್ದಳು. ಅಕ್ಕ ಅವಳಿಗೆ ಇಟ್ಟ ಹೆಸರು ಪತ್ತೇದಾರಿ.

“ಮನುಷ್ಯರನ್ನ ನಂಬೋಕಾಗಲ್ಲ ಅಂದ್ರೆ ಪ್ರಾಣಿನಾದ್ರೂ ನಂಬು ಮಾರಾಯ್ತಿ,” ಎಂದು ಅಕ್ಕನೇ ಅವಳನ್ನು ಈ ಲಾಯಕ್ಕೆ ಅಟ್ಟಿದ್ದು. ಚಿಕ್ಕಂದಿನಲ್ಲಿ ಕಲಿತ ಸವಾರಿಯನ್ನು ಮೈ ಮರೆತಿರಲಿಲ್ಲ. ಸವಾರಿ ಶಾಲೆಯ ಕುದುರೆಗಳ ಮೇಲೆ ಕೂತು ಕೂತು, ಈಗ ತನ್ನದು ಎನ್ನಬಹುದಾದ ಒಂದು ಕುದುರೆಯ ಆಸೆ ಹತ್ತಿತ್ತು. ಪೂರ್ತಿ ಕುದುರೆ ಕೈಗೆಟುಕುವ ಮಾತಲ್ಲ. ಲಾಯದ ಯಜಮಾನಿ ದಾರಿ ತೋರಿಸಿದ್ದಳು: ಪಾಲಿಗೆ ತಗೋ. ಕುದುರೆ ಅದರ ಒಡೆಯರದೇ. ವಾರದಲ್ಲಿ ಕೆಲವು ದಿನ ನೀನು ಸವಾರಿ ಮಾಡು, ಆ ದಿನಗಳ ಮೇವು, ಮೈ ಉಜ್ಜೋದು, ಲದ್ದಿ ಬಾಚೋದು ನಿನ್ನದು. ಈಗ ಪಾಲುಗಾರರನ್ನು ಹುಡುಕುತ್ತಿರುವವರು ಇಬ್ಬರು. ಒಬ್ಬಳು ವಕೀಲೆ, ಇನ್ನೊಬ್ಬ ತಕರಾರಿನ ಒಡೆಯ, ಈ ಬೇಕರಿಯವನು.

ವಕೀಲೆಯ ಕುದುರೆ ಕೆನೆಬಣ್ಣದ ಗಂಡು. ಹೆಸರು ಬೆಣ್ಣೆ, ಗುಣವೂ ಬೆಣ್ಣೆಯೇ. ಕಾಲೆತ್ತು ಅಂದರೆ ಎತ್ತುತ್ತಿತ್ತು, ನಿಲ್ಲು ಅಂದರೆ ನಿಲ್ಲುತ್ತಿತ್ತು. ಟ್ರಾಕ್ಟರು ಪಕ್ಕದಲ್ಲೇ ಗುಡುಗಿಕೊಂಡು ಹೋದರೆ ಬಾಲವನ್ನೂ ಅಲ್ಲಾಡಿಸಲಿಲ್ಲ.

“ಚಿನ್ನದಂಥವನು,” ಎಂದಳು ವಕೀಲೆ. “ಕೇಸುಗಳು ಜಾಸ್ತಿ ಆಗಿ ನಂಗೆ ಟೈಮ್ ಆಗ್ತಿಲ್ಲ, ಅಷ್ಟೇ. ನೀವು ಹೂಂ ಅಂದ್ರೆ ನಾಳೆಯಿಂದ್ಲೇ ಬನ್ನಿ.”

ಅಷ್ಟು ಸಲೀಸೇ? ಬೆಳ್ಳಗಿರುವುದೆಲ್ಲ ಹಾಲಲ್ಲ. ಕುದುರೆಗೆ ಮಂಪರಿನ ಔಷಧಿ ಕೊಟ್ಟು ತೋರಿಸುವವರ ಕಥೆಗಳನ್ನು ಅವಳು ಕೇಳಿದ್ದಳು. ಹೇಳದೆ ಕೇಳದೆ ಒಮ್ಮೆ ಬೆಳಗ್ಗೆ, ಒಮ್ಮೆ ಮಧ್ಯಾಹ್ನ ಹೋಗಿ ಬೆಣ್ಣೆಯ ಕಣ್ಣಿನ ಪಾಪೆ ನೋಡಿದಳು, ರೆಪ್ಪೆ ನೋಡಿದಳು, ಕಿವಿಯ ಹಿಂದೆ ಚಪ್ಪಾಳೆ ತಟ್ಟಿ ನೋಡಿದಳು. ಬೆಣ್ಣೆ ಅವಳ ಜೇಬನ್ನು ಮೂಸಿ, ಏನೂ ಸಿಗದಿದ್ದರೂ ಬೇಜಾರು ಮಾಡಿಕೊಳ್ಳದೆ ಹುಲ್ಲಿಗೆ ಮರಳಿತು.

ಯಜಮಾನಿ ಹಿಂದಿನಿಂದ ಬಂದು ನಕ್ಕಳು. “ಏನಮ್ಮಾ, ಅದಕ್ಕೂ ಕನ್ನಡಕ ಹಾಕ್ತೀಯಾ? ಅದು ಇರೋದೇ ಹಾಗೆ. ಕೆಲವರು ಒಳ್ಳೆಯವರಾಗೇ ಹುಟ್ತಾರೆ.”

“ಆ ಬೇಕರಿಯವರು?”

“ಅವನ ಸುದ್ದಿ ಎತ್ತಬೇಡ. ಪಾಲು ಬೇಕು ಅಂತ ಅವನೇ ಬೋರ್ಡ್ ಹಾಕ್ತಾನೆ, ಬಂದವರನ್ನೆಲ್ಲ ಅವನೇ ಓಡಿಸ್ತಾನೆ. ಕುದುರೆಗಲ್ಲ, ಮನೆಗೆ ಅಳಿಯನ್ನ ಹುಡುಕ್ತಿದ್ದಾನೇನೋ ಅನ್ನಿಸುತ್ತೆ.”

ಅಲ್ಲಿಗೆ ಬೆಣ್ಣೆಗೆ ಹೂಂ ಎಂದುಬಿಡಬಹುದಿತ್ತು. ಬುದ್ಧಿ ಇರುವವರು ಹಾಗೇ ಮಾಡುತ್ತಿದ್ದರು. ಅವಳು ಮಾತ್ರ ಮಾರನೆಯ ಸಂಜೆ ಪುನಃ ತಕರಾರಿನ ಕೊಟ್ಟಿಗೆಯ ಮುಂದೆ ಹಾಜರಾದಳು. ತನಿಖೆಗೆ, ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು.

“ಮತ್ತೆ ಬಂದ್ರಾ?” ಅವನು ಮುಖ ತಿರುಗಿಸಿ ನೋಡಿದ. ಅದೇ ನೆಟ್ಟ ನೋಟ. ತುಟಿಯ ಕೊನೆಯಲ್ಲಿ ನಗು ಬರಲೋ ಬೇಡವೋ ಎಂದು ಕಾಯುತ್ತಿತ್ತು. “ಹೆದರಿಸಿದ್ದು ಸಾಲ್ಲಿಲ್ವಾ?”

“ನಂಗೆ ಹೆದರಿಕೆ ಕಮ್ಮಿ. ಅನುಮಾನ ಜಾಸ್ತಿ.”

“ಒಳ್ಳೇದು. ತಕರಾರಿಗೂ ಅಷ್ಟೇ. ಜೋಡಿ ಸರಿಹೋಗುತ್ತೆ.” ಕಾಗದದ ಪೊಟ್ಟಣ ಮುಂದೆ ಚಾಚಿದ. “ಬನ್. ಒಂದು ನಿಮಗೆ, ಒಂದು ಅವಳಿಗೆ. ಮೊದಲು ಅವಳಿಗೆ ಕೊಡಿ, ಇಲ್ದಿದ್ರೆ ನಿಮ್ಮದನ್ನೂ ಕಿತ್ಕೋತಾಳೆ.”

ಬನ್ ಇನ್ನೂ ಬೆಚ್ಚಗಿತ್ತು. ತಕರಾರು ತನ್ನ ಪಾಲನ್ನು ನುಂಗಿ, ಹೇಳಿದಂತೆಯೇ ಅವಳ ಪಾಲಿನ ಅರ್ಧವನ್ನೂ ಕಿತ್ತುಕೊಂಡಿತು. ಇಬ್ಬರೂ ಒಟ್ಟಿಗೆ ನಕ್ಕರು. ನಕ್ಕ ಮೇಲೆ ಅವಳಿಗೆ ತನ್ನ ಮೇಲೇ ಅನುಮಾನ ಬಂತು.

ಆಮೇಲೆ ಅವನು ಪ್ರಶ್ನೆ ಕೇಳತೊಡಗಿದ. ಈ ಊರಲ್ಲೇ ಇರ್ತೀರಾ? ಮಳೆ ಬಂದ್ರೂ ಬರ್ತೀರಾ? ಕಚ್ಚಿದ್ರೆ ಹೊಡೀತೀರಾ? ಕೊನೆಗೆ, ಜೀನಿನ ಪಟ್ಟಿಯನ್ನು ತಿಕ್ಕುತ್ತ, ಏನೋ ಸಾಮಾನ್ಯ ಮಾತು ಎಂಬಂತೆ: “ಮುಂದೆ ಯಾವತ್ತಾದ್ರೂ... ಪೂರ್ತಿ ನೀವೇ ನೋಡ್ಕೋಬೇಕು ಅಂತ ಬಂದ್ರೆ, ನೋಡ್ಕೋತೀರಾ?”

ಅವಳ ಬೆನ್ನು ನೆಟ್ಟಗಾಯಿತು. ಸಿಕ್ಕಿತು ಗಂಟು. ಪಾಲು ಎಂದು ಕೊಟ್ಟು, ಮೆಲ್ಲಗೆ ಕುದುರೆಯನ್ನು ತನ್ನ ಕೊರಳಿಗೆ ಕಟ್ಟಿ ಕೈ ತೊಳೆದುಕೊಳ್ಳುವ ಹಂಚಿಕೆ.

“ಎಲ್ಲಿಗಾದ್ರೂ ಹೊರಟಿದ್ದೀರಾ?”

“ಇಲ್ವಲ್ಲ.”

“ಮತ್ಯಾಕೆ ಕೇಳಿದ್ರಿ?”

“ಸುಮ್ನೆ,” ಎಂದ. ಜಗತ್ತಿನಲ್ಲಿ ಅವಳಿಗೆ ಅತ್ಯಂತ ಆಗದ ಶಬ್ದ ಅದು.

ಆದರೂ ಮರ್ಯಾದೆಗೆಂದು ಕ್ಯಾಂಟೀನಿನಿಂದ ಎರಡು ಲೋಟ ಚಹಾ ತಂದಳು. ಅವನ ಎಡಪಕ್ಕದಲ್ಲಿ ನಿಂತು ಲೋಟ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಬೇಡ ಎನ್ನಲೂ ಇಲ್ಲ. ಅವಳು ಕೈ ಚಾಚಿಕೊಂಡು ನಿಂತೇ ಇದ್ದಳು, ಅವನು ಬೆನ್ನು ತಿರುಗಿಸಿ ಬಕೆಟ್ ಎತ್ತಿಕೊಂಡು ನಡೆದ. ಅವಳು ಲೋಟವನ್ನು ಕಟ್ಟೆಯ ಮೇಲೆ ಕುಕ್ಕಿದಳು. ವಾಪಸು ಬರುವಾಗ ಅವನ ಮೊಣಕೈ ತಾಗಿ ಚಹಾ ಪೂರ್ತಿ ಚೆಲ್ಲಿತು.

“ಅಯ್ಯೋ, ಇಲ್ಲಿ ಯಾರಿಟ್ರು ಇದನ್ನ?”

“ಯಾರೋ ಬುದ್ಧಿ ಇಲ್ದವರು,” ಎಂದು ಅವಳು ಹೊರಟುಬಂದಳು.

ಮನೆ ತಲುಪಿ ಅಕ್ಕನಿಗೆ ಫೋನು ಮಾಡಿ ಎಲ್ಲ ಸುರಿದಳು. ಅಕ್ಕ ಪೂರ್ತಿ ಕೇಳಿದಳು.

“ಅಂದ್ರೆ, ಅವನು ನಿನ್ನನ್ನ ನೆಟ್ಟ ದೃಷ್ಟಿಯಿಂದ ನೋಡ್ತಾನೆ.”

“ಅದು ವಿಷಯ ಅಲ್ಲ ಕಣೇ.”

“ಅದೇ ವಿಷಯ. ಓರೆಗಣ್ಣಲ್ಲಿ ನೋಡೋ ಗಂಡಸರು ನೂರು ಜನ ಸಿಕ್ತಾರೆ. ಮುಖ ತಿರುಗಿಸಿ ನೇರ ನೋಡೋನು ಒಬ್ಬ ಸಿಕ್ಕಿದ್ರೆ ನಿಂಗೆ ಅನುಮಾನ!”

“ಚಹಾ ಕೊಟ್ರೆ ಮುಟ್ಲಿಲ್ಲ.”

“ಕಾಫಿ ಕುಡಿಯೋನಿರಬೇಕು. ಪತ್ತೇದಾರಿ, ನಿಜ ಹೇಳು. ಬೆಣ್ಣೆ ಒಳ್ಳೇ ಕುದುರೆ ಅಂತ ಗೊತ್ತಾದ ಮೇಲೂ ಆ ಕೊಟ್ಟಿಗೆಗೆ ಯಾಕೆ ಹೋದೆ?”

“ಸುಮ್ನೆ,” ಎಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಭಾನುವಾರ ಬೆಳಗ್ಗೆ ತೀರ್ಮಾನ ಹೇಳಬೇಕಿತ್ತು. ವಕೀಲೆ ಕಾಯುತ್ತಿದ್ದಳು. ಅದಕ್ಕೆ ಮೊದಲು ತಕರಾರಿನ ಮೇಲೆ ಒಂದು ಸಲ ಕೂತು ನೋಡುತ್ತೇನೆ ಎಂದು ಅವಳೇ ಹಟ ಹಿಡಿದಳು.

ಜೀನು ಬಿಗಿಯುವಾಗ ತಕರಾರು ಹೊಟ್ಟೆ ಉಬ್ಬಿಸಿತು. ಅವಳು ಕಾದಳು. ಉಸಿರು ಬಿಟ್ಟ ತಕ್ಷಣ ಬಿಗಿದಳು. ಅದು ತಿರುಗಿ ಅವಳ ಹೆಗಲಿಗೆ ಹಲ್ಲು ಹಾಕಿತು.

“ಕಚ್ಚಿದ್ಲಾ?” ಅವನ ದನಿಯಲ್ಲಿ ಗಾಬರಿ.

“ಸಹಿ ಹಾಕಿದ್ಲು,” ಎಂದು ಅವಳು ರಿಕಾಪಿಗೆ ಕಾಲಿಟ್ಟು ಏರಿದಳು. ಕೆಳಗಿನಿಂದ ಅವನು ಮುಖವೆತ್ತಿ ನೋಡಿದ. ಬೆಳಗಿನ ಬಿಸಿಲಿಗೆ ಅವನ ಕಣ್ಣು ಜೇನಿನ ಬಣ್ಣಕ್ಕೆ ತಿರುಗಿತ್ತು. ಲಗಾಮು ಸರಿಪಡಿಸುವ ನೆಪದಲ್ಲಿ ಅವನ ಬೆರಳು ಅವಳ ಬೆರಳಿನ ಪಕ್ಕ ಬಂದು, ತಾಗದೆ, ಹಾಗೇ ಉಳಿಯಿತು.

“ಬಿದ್ರೆ?” ಎಂದ.

“ಎದ್ದು ಬಂದು ನಿಮ್ಮನ್ನ ಬೈತೀನಿ.”

ಮೈದಾನಗಳ ನಡುವಿನ ಮಣ್ಣುದಾರಿಗೆ ಅವಳು ಒಬ್ಬಳೇ ಹೊರಟಳು. ತಕರಾರಿನ ನಡಿಗೆ ಚುರುಕು. ಕಿವಿಗಳು ಎಲ್ಲ ಕಡೆಗೂ. ಹಕ್ಕಿ ಹಾರಿದ್ದಕ್ಕೆ ಒಮ್ಮೆ ಬೆಚ್ಚಿತು, ಕಲ್ಲು ಹೊಳೆದದ್ದಕ್ಕೆ ಒಮ್ಮೆ. ಆದರೆ ಅವಳ ಮೊಣಕಾಲಿನ ಒಂದು ಸಣ್ಣ ಒತ್ತಿಗೆ ಇಡೀ ಮೈ ಉತ್ತರ ಕೊಡುತ್ತಿತ್ತು. ಬೆಣ್ಣೆಯ ಮೇಲೆ ಕೂತರೆ ಸುಖ. ಇದರ ಮೇಲೆ ಕೂತರೆ ಮಾತುಕತೆ.

ಮೊದಲ ಗೇಟಿನಲ್ಲಿ ತಕರಾರು ನಿಂತಿತು. ಹಿಮ್ಮಡಿ ಒತ್ತಿದರೂ ಕದಲಲಿಲ್ಲ. ತಲೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಕಂಬವನ್ನು ನೋಡಿ, ಕಾದು, ಆಮೇಲೆ ತಾನಾಗಿಯೇ ಹೊರಟಿತು. ಎರಡನೆಯ ಗೇಟಿನಲ್ಲೂ ಅದೇ. ಎಡಕ್ಕೆ ತಲೆ, ಕಾಯುವುದು, ಹೊರಡುವುದು. ದಾರಿ ಕೂಡುವ ತಿರುವಿನಲ್ಲೂ ಹಾಗೆಯೇ.

ಇದು ಹಟವಲ್ಲ. ಹಟ ಮಾಡುವ ಕುದುರೆಯ ಮೈ ಬಿಗಿಯಾಗುತ್ತದೆ. ಇದರ ಮೈ ಸಡಿಲವಾಗಿಯೇ ಇತ್ತು. ಪಾಠ ಒಪ್ಪಿಸುವ ಮಗುವಿನಂತೆ, ಕಲಿಸಿದ್ದನ್ನು ಮಾಡುತ್ತಿತ್ತು. ಯಾರೋ ಪ್ರತಿ ಗೇಟಿನಲ್ಲೂ ಇದನ್ನು ನಿಲ್ಲಿಸಿದ್ದಾರೆ. ಎಡಕ್ಕೆ ತಿರುಗಿಸಿ, ತಾವೂ ತಿರುಗಿ ಹುಡುಕಿ, ಖಾತ್ರಿ ಮಾಡಿಕೊಂಡು ಮುಂದೆ ಹೋಗಿದ್ದಾರೆ. ಕಣ್ಣು ಹೊರಳಿಸಿದರೆ ಕಾಣುವ ಕಂಬಕ್ಕೆ ಇಡೀ ತಲೆ ತಿರುಗಿಸಬೇಕಾದವರು ಯಾರು?

ಅವಳು ಲಗಾಮು ಎಳೆದು ಕುದುರೆಯನ್ನು ನಿಲ್ಲಿಸಿದಳು.

ಎಡಗೈಯ ಮೇಲಿನ ಸುಟ್ಟ ಗೀರುಗಳು. ಎಡಪಕ್ಕ ಹಿಡಿದ ಚಹಾ. ಇಡೀ ಮುಖ ತಿರುಗಿಸುವ ನೋಟ. ದಿನವೂ ಹತ್ತಾರು ಜೋಡಿ ಕಣ್ಣು ನೋಡುವವಳು, ಈ ಒಂದು ಜೋಡಿಯಲ್ಲಿ ಕಪಟ ಹುಡುಕುತ್ತ, ಕಣ್ಣನ್ನೇ ನೋಡಿರಲಿಲ್ಲ.

ಹಿಂದಿರುಗಿದಾಗ ಅವನು ಬೇಲಿಗೆ ಒರಗಿ ದಾರಿಯನ್ನೇ ಕಾಯುತ್ತಿದ್ದ. ಅವಳು ಇಳಿದು, ಸದ್ದಿಲ್ಲದೆ ಅವನ ಎಡಪಕ್ಕಕ್ಕೆ ಹೋಗಿ, ಅವನ ಕಿವಿಯ ನೇರಕ್ಕೆ ಕೈಯೆತ್ತಿ ಬೆರಳಾಡಿಸಿದಳು. ಅವನು ಮುಂದೆಯೇ ನೋಡುತ್ತಿದ್ದ. ಕೈಯನ್ನು ಮುಂದಕ್ಕೆ ತಂದಳು. ಇನ್ನೂ ಮುಂದಕ್ಕೆ. ಹೆಚ್ಚುಕಡಿಮೆ ಮೂಗಿನ ಹತ್ತಿರ ಬಂದಾಗ ಅವನು ಬೆಚ್ಚಿದ.

“ಏನ್ರೀ ಇದು?”

“ಎಷ್ಟು ದಿನದಿಂದ?”

“ಏನು ಎಷ್ಟು ದಿನದಿಂದ?”

“ಬಾಯಿಪಾಠ ಒಪ್ಪಿಸಬೇಡಿ. ನನ್ನ ಕೆಲಸ ಇದು.”

ಅವನು ತಕರಾರಿನ ಜೂಲಿಗೆ ಕೈಹಾಕಿದ.

“ಹೋದ ಚಳಿಗಾಲದಿಂದ ಜಾಸ್ತಿ ಆಗಿದೆ. ಎಡಗಡೆ ನೋಟಾನ ಅಂಚಿಂದ ತಿಂದ್ಕೊಂಡು ಬಂದ ಹಾಗೆ. ನಮ್ಮಪ್ಪನಿಗೂ ಹೀಗೇ ಶುರುವಾಯ್ತು. ಕೊನೆಗೆ ಅವರು ನನ್ನ ದನಿ ಕೇಳಿ ನಾನು ಅಂತ ತಿಳ್ಕೋತಿದ್ರು.”

“ಡಾಕ್ಟರ ಹತ್ರ ಹೋಗಿದ್ರಾ?”

“ಹೋದ್ರೆ ಹೆಸರು ಹೇಳ್ತಾರೆ. ಹೆಸರು ಹೇಳಿದ ಮೇಲೆ ಅದು ನಿಜ ಆಗುತ್ತೆ.”

“ಹೋಗ್ದೇ ಇದ್ರೆ ಸುಳ್ಳಾಗುತ್ತಾ?” ಅವಳ ದನಿ ಏರಿತು. “ಕುದುರೆ ಮೇಲೆ ಕೂತ್ಕೊಂಡು ರಸ್ತೆಗೆ ಹೋಗ್ತೀರಿ! ಅವಳ ತಪ್ಪುಗಳನ್ನೆಲ್ಲ ಸಾಲಾಗಿ ಹೇಳಿದ್ರಿ, ನಿಮ್ಮದು ಒಂದೂ ಹೇಳಲಿಲ್ಲ. ನಾನು ನಂಬೋದು ಹೇಗೆ?”

“ಹೇಳಿದ್ರೆ ಯಜಮಾನಿ ನನ್ನನ್ನ ಹತ್ತೋಕೆ ಬಿಡಲ್ಲ. ನಾನು ಹತ್ತದೇ ಇದ್ರೆ ಇವಳನ್ನ ಯಾರು ಇಟ್ಕೋತಾರೆ? ಕಚ್ಚೋ ಕುದುರೆ. ಮಾರಿದ್ರೆ ಕೈಯಿಂದ ಕೈಗೆ ಹೋಗ್ತಾಳೆ, ಪ್ರತಿ ಕೈಯಲ್ಲೂ ಏಟು.” ಅವನು ಮುಖ ತಿರುಗಿಸಿ ಅವಳನ್ನು ನೋಡಿದ. “ಇವಳ ತಪ್ಪೆಲ್ಲ ಕೇಳಿನೂ ಮತ್ತೆ ಬರೋವಂಥವರು ಬೇಕಿತ್ತು ನಂಗೆ. ಎಲ್ರೂ ಓಡಿಹೋದ್ರು. ನೀವು ಬಂದ್ರಿ.”

ಅವಳ ಕೋಪಕ್ಕೆ ಆ ಕ್ಷಣ ಆಧಾರ ತಪ್ಪಿತು. ಅದನ್ನು ತೋರಿಸಿಕೊಳ್ಳದೆ, “ನಾಳೆ ಅಂಗಡಿಗೆ ಬನ್ನಿ,” ಎಂದಳು. “ಬರದೇ ಇದ್ರೆ ನಾನೇ ಬೇಕರಿಗೆ ಬಂದು ಎಲ್ಲರೆದುರು ಕಣ್ಣಿಗೆ ಟಾರ್ಚ್ ಹಾಕ್ತೀನಿ.” ಯಜಮಾನಿಯ ಹತ್ತಿರ ತೀರ್ಮಾನಕ್ಕೆ ಒಂದು ವಾರ ವಾಯಿದೆ ಕೇಳಿಕೊಂಡಳು.

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಪರೀಕ್ಷೆಗೆ ಬಂದ ವಿದ್ಯಾರ್ಥಿಯಂತೆ ಕೂತ. ಗಲ್ಲವನ್ನು ಯಂತ್ರದ ಮೇಲೆ ಇಟ್ಟು, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕು. ಕತ್ತಲಲ್ಲಿ ಗುಂಡಿಯ ಟಿಕ್ ಟಿಕ್ ಸದ್ದು ಬಿಟ್ಟರೆ ಅವರಿಬ್ಬರ ಉಸಿರು. ಚುಕ್ಕಿಗಳು ಎಡದ ಅಂಚಿಗೆ ಹೋದಾಗ ಟಿಕ್ ನಿಂತುಹೋಗುತ್ತಿತ್ತು. ಆ ಮೌನಗಳು ಅವಳ ಎದೆಗೆ ನಾಟುತ್ತಿದ್ದವು. ಕೆಲಸದಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ತನ್ನ ಕೈಲಾದದ್ದು ಇಷ್ಟೇ, ಮುಂದಿನದು ಡಾಕ್ಟರ ಕೆಲಸ ಎಂದು ಅವಳೇ ಜೊತೆಗೆ ಹೋದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿದೆ ಎಂದರು ಡಾಕ್ಟರು. ಹೋದ ದೃಷ್ಟಿ ವಾಪಸು ಬರುವುದಿಲ್ಲ. ದಿನಾ ಹನಿ ಹಾಕಿಕೊಂಡು, ತಪ್ಪದೆ ತೋರಿಸಿಕೊಳ್ಳುತ್ತಿದ್ದರೆ ಇರುವುದನ್ನು ಬಹುಪಾಲು ಉಳಿಸಿಕೊಳ್ಳಬಹುದು. ರಸ್ತೆಯ ಮೇಲೆ ಸವಾರಿ ಮಾತ್ರ ಬೇಡ.

ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನು ಬಹಳ ಹೊತ್ತು ಕೂತ.

“ಅಪ್ಪನಿಗೆ ಯಾರೂ ಇದನ್ನ ಹೇಳ್ಲಿಲ್ಲ,” ಎಂದ. “ನಾವು ಕೇಳ್ಲೂ ಇಲ್ಲ.”

ಅವಳು ಪಕ್ಕದಲ್ಲಿ ಕೂತಳು, ಅವನಿಗೆ ಕಾಣುವಂತೆ, ಬಲಗಡೆ.

ಮುಂದಿನ ಭಾನುವಾರ ಅವಳು ಲಾಯಕ್ಕೆ ಬರುವ ಹೊತ್ತಿಗೆ ಅವನು ಯಜಮಾನಿಗೆ ಎಲ್ಲವನ್ನೂ ತಾನೇ ಹೇಳಿಬಿಟ್ಟಿದ್ದ. ಬೇಲಿ ಹಾಕಿದ ಅಂಗಳದೊಳಗೆ ಮಾತ್ರ ಸವಾರಿ, ಅದೂ ಯಾರಾದರೂ ಜೊತೆಗಿದ್ದರೆ ಎಂದು ಯಜಮಾನಿಯ ಅಪ್ಪಣೆಯಾಗಿತ್ತು. ಅವನು ತಕರಾರಿನ ಬಲಮಗ್ಗುಲನ್ನು ಉಜ್ಜುತ್ತಿದ್ದ, ಉಜ್ಜಿದ್ದನ್ನೇ ಉಜ್ಜುತ್ತಿದ್ದ. ಅವಳು ಇನ್ನೊಂದು ಬ್ರಷ್ ತೆಗೆದುಕೊಂಡು ಎಡಮಗ್ಗುಲಿಗೆ ನಿಂತಳು.

“ವಕೀಲೆ ಸಿಕ್ಕಿದ್ರಾ?” ಎಂದ ಕುದುರೆಯ ಬೆನ್ನಿನ ಆಚೆಯಿಂದ.

“ಸಿಕ್ಕಿದ್ರು. ಬೆಣ್ಣೆ ನಂಗೆ ಬೇಡ ಅಂದೆ.”

ಬ್ರಷ್ ನಿಂತಿತು. “ಯಾಕೆ? ಒಳ್ಳೇ ಕುದುರೆ ಅದು.”

“ಹೌದು. ಅವನಲ್ಲಿ ಅನುಮಾನ ಪಡೋಕೆ ಏನೂ ಇಲ್ಲ. ನಂಗೆ ಬೋರ್ ಆಗುತ್ತೆ.”

“ಕನಿಕರಕ್ಕೆ ಬರೋದಾದ್ರೆ ಬರಬೇಡಿ.” ಅವನ ದನಿ ಒರಟಾಗಿತ್ತು. “ಕನಿಕರ ನಂಗೆ ಆಗಲ್ಲ.”

“ಕನಿಕರಕ್ಕೆ ಈ ಕುದುರೆ ಹತ್ರ ಯಾರಾದ್ರೂ ಬರ್ತಾರಾ? ಹೆಗಲು ಇನ್ನೂ ನೀಲಿಗಟ್ಟಿದೆ.” ಅವಳು ಜೂಲಿನ ಸಿಕ್ಕು ಬಿಡಿಸುತ್ತ, ಅವನ ಮುಖ ನೋಡದೆ ಹೇಳಿದಳು. “ಆ ದಿನ ಗೇಟಿನ ಹತ್ರ ನಂಗೆ ಗೊತ್ತಾದಾಗ ಕೋಪ ಬಂತು. ದಾರಿಯುದ್ದಕ್ಕೂ ಕೋಪವೇ ಇತ್ತು. ಇಷ್ಟು ದಿನ ಇವರನ್ನ ಯಾರೂ ನೋಡ್ಕೊಂಡಿಲ್ವಲ್ಲ ಅಂತ. ಪರಿಚಯ ಇಲ್ದವರ ಮೇಲೆ ಅಷ್ಟು ಕೋಪ ಬರಲ್ಲ. ನಂಗೆ ಬರಲ್ಲ.”

ತಕರಾರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿತು.

“ನಾನೂ ಒಂದು ಹೇಳ್ಲಾ?” ಎಂದ ಅವನು ಕೊನೆಗೆ. “ಯಂತ್ರದಲ್ಲಿ ಚುಕ್ಕಿ ನೋಡಿ ಅಂದ್ರಲ್ಲ. ಮಧ್ಯ ಮಧ್ಯ ನಿಮ್ಮನ್ನ ನೋಡ್ತಿದ್ದೆ. ಒಂದೆರಡು ಚುಕ್ಕಿ ತಪ್ಪಿರಬಹುದು.”

“ಅಯ್ಯೋ! ಹಾಗಾದ್ರೆ ರಿಪೋರ್ಟ್ ತಪ್ಪು!” ಅವಳು ಹೌಹಾರಿದಳು. “ಮತ್ತೆ ಮಾಡ್ಬೇಕು.”

“ಎಷ್ಟು ಸಲ ಬೇಕಾದ್ರೂ ಮಾಡಿ.”

ಅವಳಿಗೆ ನಗು ತಡೆಯಲಿಲ್ಲ. ನಗುನಗುತ್ತಲೇ ಕಣ್ಣು ಒದ್ದೆಯಾಯಿತು. ತೋಳಿನಿಂದ ಒರೆಸಿಕೊಂಡು ವ್ಯವಹಾರದ ದನಿ ತಂದುಕೊಂಡಳು.

“ಸರಿ, ದಿನ ಹಂಚ್ಕೊಳ್ಳೋಣ. ಸೋಮವಾರ, ಬುಧವಾರ, ಶುಕ್ರವಾರ ನಂದು. ದಾರಿಗೆ ನಾನು ಕರ್ಕೊಂಡು ಹೋಗ್ತೀನಿ. ಮಂಗಳವಾರ, ಗುರುವಾರ, ಶನಿವಾರ ನಿಮ್ದು, ಅಂಗಳದೊಳಗೆ. ಯಜಮಾನಿ ಬೇಲಿ ಹತ್ರ ನಿಂತಿರ್ತಾರೆ.”

“ಒಪ್ಪಿದೆ.”

“ಲದ್ದಿ?”

“ಯಾರ ದಿನವೋ ಅವರದು.”

“ಒಪ್ಪಿದೆ.”

ಅವನು ಕುದುರೆಯ ಬೆನ್ನ ಮೇಲೆ ಅಂಗೈಯಿಟ್ಟು, ಅದರ ಹಿಂಬದಿಯನ್ನು ಸವರಿಕೊಂಡು, ನಿಧಾನವಾಗಿ ಈಚೆಗೆ ಬಂದ. ಅವಳು ಎದುರು ಹೋಗಲಿಲ್ಲ, ಕೈ ಹಿಡಿದು ಕರೆತರಲಿಲ್ಲ. ಇದ್ದಲ್ಲೇ ನಿಂತಳು. ಅವನಾಗಿಯೇ ಬಂದು ಮುಂದೆ ನಿಂತ, ಅವಳ ಉಸಿರು ತಾಗುವಷ್ಟು ಹತ್ತಿರ.

“ಭಾನುವಾರ ಬಿಟ್ಹೋಯ್ತು,” ಎಂದ.

“ಬಿಟ್ಟಿಲ್ಲ.”

“ಮತ್ತೆ ಯಾರದು?”

“ಅದು ಹಂಚೋ ದಿನ ಅಲ್ಲ,” ಎಂದಳು ಅವಳು. “ಒಟ್ಟಿಗೆ ಬರೋ ದಿನ.”